ಸ್ಟೆಪ್ಪರಿಗೂ ಬ್ರಷ್‌ಲೆಸ್‌ಗೂ ಒಂದೇ ಬೋರ್ಡು: ಬಳಸಿ ನೋಡಿದ ಮೇಲೆ

ಮೈಕ್ರೋಕಂಟ್ರೋಲರಿನ (ಯಂತ್ರ ನಡೆಸುವ ಪುಟ್ಟ ಕಂಪ್ಯೂಟರಿನ) ಮೇಲೆ ಕೂರಿಸುವ ಈ ಸಹಾಯಕ ಬೋರ್ಡಿನಲ್ಲಿ, ಹೆಜ್ಜೆಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಮೋಟಾರುಗಳಿಗಾಗಿ ಎರಡು ಟಿಎಂಸಿ2209 ಚಿಪ್‌ಗಳೂ ಮೂರು ತಂತಿಯ ಬ್ರಷ್‌ಲೆಸ್ ಮೋಟಾರಿಗಾಗಿ ಒಂದು ಡಿಆರ್‌ವಿ8313 ಚಿಪ್ಪೂ ಇವೆ. ಕ್ಯಾಮೆರಾವನ್ನು ಹಳಿಯ ಮೇಲೆ ಸರಿಸುವ ಸಣ್ಣ ಯಂತ್ರವೊಂದಕ್ಕೆ ನಾನು ಇದನ್ನು ಅಳವಡಿಸಿದ್ದೇನೆ. ಗಾಡಿಯನ್ನು ಎಳೆಯುವುದು, ಎತ್ತರ ಬದಲಿಸುವುದು ಸ್ಟೆಪ್ಪರುಗಳ ಪಾಲು. ಕ್ಯಾಮೆರಾದ ತಲೆಯನ್ನು ತಿರುಗಿಸುವುದು ಬ್ರಷ್‌ಲೆಸ್‌ನ ಪಾಲು. ಇಂಥ ಬೋರ್ಡುಗಳು ಹಲವು ಹೆಸರುಗಳಲ್ಲಿ ಸಿಗುತ್ತವೆಯಾದ್ದರಿಂದ, ಚಿಪ್‌ಗಳು ಇವೇ ಆಗಿದ್ದರೆ ಇಲ್ಲಿ ಹೇಳುವುದು ಹೆಚ್ಚುಕಡಿಮೆ ಎಲ್ಲಕ್ಕೂ ಅನ್ವಯಿಸುತ್ತದೆ. ಬಿಡಿಬಿಡಿಯಾಗಿ ನೋಡಿದರೆ ಎರಡೂ ಭಾಗಗಳು ಚೆನ್ನಾಗಿವೆ. ತೊಡಕಿರುವುದು ಅವು ಹಂಚಿಕೊಂಡಿರುವ ವಸ್ತುಗಳಲ್ಲಿ.

ಮೊದಲನೆಯದು ವಿದ್ಯುತ್ ಪೂರೈಕೆ. ಡಿಆರ್‌ವಿ8313 ಚಿಪ್ 8ರಿಂದ 60 ವೋಲ್ಟ್‌ವರೆಗೆ ಕೆಲಸ ಮಾಡುತ್ತದೆ. ಟಿಎಂಸಿ2209ರ ಮಿತಿ 29 ವೋಲ್ಟ್. ಎರಡಕ್ಕೂ ಒಂದೇ ಟರ್ಮಿನಲ್‌ನಿಂದ ವಿದ್ಯುತ್ ಹೋಗುವುದರಿಂದ ಕೈಪಿಡಿಯ ಮೊದಲ ಪುಟದಲ್ಲಿ ದೊಡ್ಡದಾಗಿ ಕಾಣುವ 60 ಎಂಬ ಸಂಖ್ಯೆಯನ್ನು ಮರೆತುಬಿಡಬೇಕು. 24 ವೋಲ್ಟ್ ಕೊಟ್ಟರೂ ಉಳಿಯುವ ಅಂತರ ಐದೇ ವೋಲ್ಟ್. ಭಾರದ ಗಾಡಿ ಥಟ್ಟನೆ ನಿಂತಾಗ ಅಥವಾ ಅದನ್ನು ಕೈಯಿಂದ ತಳ್ಳಿದಾಗ ಮೋಟಾರು ಜನರೇಟರಿನಂತೆ ವರ್ತಿಸಿ, ಪೂರೈಕೆಯ ವೋಲ್ಟೇಜನ್ನು ಮೇಲಕ್ಕೆತ್ತುತ್ತದೆ. ಈ ಏರಿಕೆಯನ್ನು ಆಸಿಲೋಸ್ಕೋಪಿನಲ್ಲಿ ಕಂಡ ಮೇಲೆ ನಾನು ಟರ್ಮಿನಲ್ ಬಳಿ ದೊಡ್ಡ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಸೇರಿಸಿ, ವೇಗ ತಗ್ಗುವ ದರವನ್ನೂ ಇಳಿಸಿದೆ. ಬೋರ್ಡಿನವರೇ ಆ ಕೆಪಾಸಿಟರನ್ನು ಇಡಬಹುದಿತ್ತು. ಜಾಗವಂತೂ ಖಾಲಿ ಇದೆ.

ಸ್ಟೆಪ್ಪರ್ ಭಾಗದ ಸಂಯೋಜನೆ ಸೊಗಸಾಗಿದೆ. ಸ್ಕ್ರೂಡ್ರೈವರಿನಿಂದ ಪುಟ್ಟ ತಿರುಪು ತಿರುಗಿಸಿ ಕರೆಂಟ್ ಹೊಂದಿಸುವ ಕಾಟವಿಲ್ಲ. ಯುಆರ್ಟ್ (ಚಿಪ್‌ಗಳು ಒಂದರೊಡನೊಂದು ಮಾತಾಡುವ) ತಂತಿಯ ಮೂಲಕ ಎಲ್ಲವನ್ನೂ ಬರೆಯಬಹುದು. ಕರೆಂಟ್ ಅಳೆಯಲು ಬೋರ್ಡಿನಲ್ಲಿರುವ ಸೆನ್ಸ್ ರೆಸಿಸ್ಟರು 0.11 ಓಮ್ ಆದ್ದರಿಂದ ಪೂರ್ಣ ಪ್ರಮಾಣದ ಕರೆಂಟ್ ಸುಮಾರು 1.77 ಆಂಪಿಯರ್ ಆರ್‌ಎಂಎಸ್ (ಏರಿಳಿಯುವ ಕರೆಂಟಿನ ಪರಿಣಾಮಕಾರಿ ಮೌಲ್ಯ) ಆಗುತ್ತದೆ. ಅದನ್ನು 0ಯಿಂದ 31ರವರೆಗೆ ಎಣಿಸುವ 32 ಹಂತಗಳಾಗಿ ಭಾಗಿಸಿರುವುದರಿಂದ, 1.2 ಆಂಪಿಯರಿನ ನನ್ನ ಮೋಟಾರಿಗೆ 20 ಎಂಬ ಮೌಲ್ಯ ಬರೆದಾಗ 1.16 ಆಂಪಿಯರ್ ದೊರೆಯಿತು. ಒಂದು ಸುತ್ತಿಗೆ 200 ಹೆಜ್ಜೆಯ ಮೋಟಾರನ್ನು 16ರ ಮೈಕ್ರೋಸ್ಟೆಪ್ಪಿನಲ್ಲಿ, ಅಂದರೆ ಪ್ರತಿ ಹೆಜ್ಜೆಯನ್ನು 16 ತುಣುಕು ಮಾಡಿ, ಇಟ್ಟರೆ 3,200 ಪಲ್ಸ್ ಸಾಕು. ಅದನ್ನು 256ಕ್ಕೆ ನಯಗೊಳಿಸುವ ಕೆಲಸವನ್ನು ಚಿಪ್ ತಾನೇ ಮಾಡಿಕೊಳ್ಳುತ್ತದೆ. ಸದ್ದಿಲ್ಲದ ಓಟಕ್ಕಾಗಿ ಚಿಪ್ ಮೋಟಾರನ್ನು ಅಳೆದುಕೊಳ್ಳಬೇಕಾಗಿರುವುದರಿಂದ, ಮೊದಲ ಬಾರಿ ಪೂರ್ಣ ಕರೆಂಟಿನಲ್ಲಿ ಕ್ಷಣಕಾಲ ನಿಲ್ಲಿಸಿ ನಂತರವೇ ಓಡಿಸಬೇಕು. ಇದನ್ನು ಬಿಟ್ಟವರೇ ಮೋಟಾರು ಗುಂಯ್‌ಗುಟ್ಟುತ್ತದೆ ಎಂದು ದೂರುವುದು.

ನನ್ನ ಎರಡು ದಿನಗಳನ್ನು ನುಂಗಿದ ತೊಂದರೆಯೂ ಇದೇ ಭಾಗದಲ್ಲಿತ್ತು. ಮೈಕ್ರೋಕಂಟ್ರೋಲರಿಗೆ ಯುಎಸ್‌ಬಿಯಿಂದ ಬರುವ ವಿದ್ಯುತ್ ಹಾಗೆಯೇ ಇದ್ದು, ಮೋಟಾರಿನ ಪೂರೈಕೆಯನ್ನು ಮಾತ್ರ ಒಮ್ಮೆ ಆರಿಸಿ ಹಚ್ಚಿದ್ದೆ. ಅನಂತರ ಗಾಡಿ ಹೇಳಿದ್ದಕ್ಕಿಂತ ಎರಡು ಪಟ್ಟು ದೂರ ಹೋಯಿತು. ಎತ್ತರದ ಮೋಟಾರು ಅರ್ಧಕ್ಕೇ ನಿಂತಿತು. ಒಂದೇ ಪ್ರೋಗ್ರಾಮಿನಿಂದ ಹೀಗೆ ಎರಡು ವಿರುದ್ಧ ತಪ್ಪುಗಳು ಹುಟ್ಟುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಚಿಪ್‌ನ ರೆಜಿಸ್ಟರುಗಳು (ನಾವು ಬರೆದ ಮೌಲ್ಯಗಳನ್ನು ಇಟ್ಟುಕೊಳ್ಳುವ ಜಾಗಗಳು) ಮೋಟಾರಿನ ಪೂರೈಕೆ ಹೋದೊಡನೆ ಅಳಿಸಿಹೋಗುತ್ತವೆ ಎಂಬುದೇ ಕಾರಣ. ಆಗ ಚಿಪ್ ತನ್ನ ಎರಡು ಪಿನ್‌ಗಳ ಸ್ಥಿತಿಯನ್ನು ಓದಿ ಮೈಕ್ರೋಸ್ಟೆಪ್ ನಿರ್ಧರಿಸುತ್ತದೆ. ಅದೇ ಪಿನ್‌ಗಳು ಯುಆರ್ಟ್ ವಿಳಾಸವನ್ನೂ ಹೇಳುವುದರಿಂದ, ನಾನು ಬರೆದಿದ್ದ 16ರ ಬದಲು ಸೊನ್ನೆ ವಿಳಾಸದ ಗಾಡಿಯ ಚಿಪ್ 8ಕ್ಕೂ ಒಂದನೆಯ ವಿಳಾಸದ ಎತ್ತರದ ಚಿಪ್ 32ಕ್ಕೂ ಮರಳಿದ್ದವು. ಚಿಪ್ ಮರುಪ್ರಾರಂಭವಾಗಿದೆಯೇ ಎಂದು ತಿಳಿಸುವ ಬಿಟ್ ಅದರೊಳಗೇ ಇದೆ. ಪ್ರತಿ ಚಲನೆಗೂ ಮುನ್ನ ಅದನ್ನು ಓದಿ, ಅಗತ್ಯವಿದ್ದರೆ ಎಲ್ಲವನ್ನೂ ಮತ್ತೆ ಬರೆಯುವಂತೆ ಪ್ರೋಗ್ರಾಂ ತಿದ್ದಿದ ಮೇಲೆ ಈ ತಪ್ಪು ಮರುಕಳಿಸಿಲ್ಲ. ಬೋರ್ಡಿನ ಜೊತೆ ಬರುವ ಮಾದರಿ ಪ್ರೋಗ್ರಾಂ ಆರಂಭದಲ್ಲಿ ಒಮ್ಮೆ ಮಾತ್ರ ಬರೆದು ಸುಮ್ಮನಾಗುತ್ತದೆ.

ಬ್ರಷ್‌ಲೆಸ್ ಭಾಗವನ್ನು ಗಿಂಬಲ್ (ಕ್ಯಾಮೆರಾವನ್ನು ನಯವಾಗಿ ತಿರುಗಿಸುವ) ಮೋಟಾರಿಗೆ ಮಾತ್ರ ಎಂದು ತಿಳಿಯುವುದು ಒಳಿತು. ಚಿಪ್‌ನ ಗರಿಷ್ಠ ಕರೆಂಟ್ 2.5 ಆಂಪಿಯರ್. ಹತ್ತು ಓಮ್ ಆಸುಪಾಸಿನ ಸುರುಳಿಯ ಗಿಂಬಲ್ ಮೋಟಾರಿಗೆ 6 ವೋಲ್ಟ್ ಮಿತಿ ಹಾಕಿದರೆ ಕರೆಂಟ್ 0.6 ಆಂಪಿಯರಿನ ಸುತ್ತಲೇ ಉಳಿಯುತ್ತದೆ. ಡ್ರೋನಿನ ಮೋಟಾರಿನ ಸುರುಳಿ ಒಂದು ಓಮಿನ ಸಣ್ಣ ಭಾಗವಷ್ಟೇ ಆಗಿರುವುದರಿಂದ ಒಂದು ವೋಲ್ಟಿಗೇ ಚಿಪ್‌ನ ರಕ್ಷಣಾ ವ್ಯವಸ್ಥೆ ಮೋಟಾರನ್ನು ನಿಲ್ಲಿಸಿಬಿಡಬಹುದು. ಮೋಟಾರು ತಿರುಗದೆ ಒಂದೇ ಕಡೆ ನಡುಗಿದರೆ ಮೊದಲು ಧ್ರುವ ಜೋಡಿಗಳ ಸಂಖ್ಯೆಯನ್ನು ಪರಿಶೀಲಿಸಬೇಕು. ಹದಿನಾಲ್ಕು ಅಯಸ್ಕಾಂತಗಳಿದ್ದರೆ ಬರೆಯಬೇಕಾದದ್ದು 7, 14 ಅಲ್ಲ. ಕೋನ ಅಳೆಯುವ ಸೆನ್ಸರಿನ ಎದುರಿನ ಅಯಸ್ಕಾಂತದ ಉತ್ತರ ಮತ್ತು ದಕ್ಷಿಣ ಧ್ರುವಗಳು ವ್ಯಾಸದ ಎರಡು ತುದಿಗಳಲ್ಲಿರಬೇಕು. ಚಪ್ಪಟೆ ಮುಖಗಳ ಮೇಲೆ ಧ್ರುವಗಳಿರುವ ಸಾಮಾನ್ಯ ಬಿಲ್ಲೆ ನೋಡಲು ಒಂದೇ ಥರ ಇದ್ದರೂ ಕೆಲಸಕ್ಕೆ ಬಾರದು.

ಕೊನೆಯ ಹಂಚಿಕೆ ಪ್ರೊಸೆಸರಿನ ಸಮಯದ್ದು. ಬ್ರಷ್‌ಲೆಸ್‌ನ ನಿಯಂತ್ರಣ ಲೂಪ್ (ಪ್ರೋಗ್ರಾಮಿನಲ್ಲಿ ಮತ್ತೆ ಮತ್ತೆ ನಡೆಯುವ ಭಾಗ) ಎಡೆಬಿಡದೆ ಸುತ್ತುತ್ತಿರಬೇಕು. ಸ್ಟೆಪ್ಪರಿನ ಪಲ್ಸ್‌ಗಳು ನಡುವೆ ಬಂದು ಅದನ್ನು ತಡೆದರೆ ಕ್ಯಾಮೆರಾದ ತಲೆ ಸಣ್ಣಗೆ ಅದುರುತ್ತದೆ, ಮತ್ತು ಆ ಅದುರು ಚಿತ್ರದಲ್ಲಿ ಕಾಣಿಸುತ್ತದೆ. ಪಲ್ಸ್‌ಗಳನ್ನು ಹಾರ್ಡ್‌ವೇರ್ ಟೈಮರಿಗೆ ಒಪ್ಪಿಸಿದ ಮೇಲೆ ನನ್ನಲ್ಲಿ ಇದು ನಿಂತಿತು. ಅಂಥ ಟೈಮರುಗಳು ಸಾಕಷ್ಟಿಲ್ಲದ ಹಳೆಯ 8 ಬಿಟ್ ಮೈಕ್ರೋಕಂಟ್ರೋಲರಿನ ಮೇಲೆ ಈ ಬೋರ್ಡನ್ನು ಕೂರಿಸುವವರು ಎರಡೂ ಭಾಗಗಳನ್ನು ಒಟ್ಟಿಗೆ ಓಡಿಸುವ ಆಸೆ ಇಟ್ಟುಕೊಳ್ಳದಿರುವುದು ಲೇಸು.