ಕೊಟ್ಟಿಗೆಯ ಸಿಮ್ ಕ್ಯಾಮೆರಾ: 3 ವರ್ಷ, 14 ಕರುಗಳ ನಂತರ

ತಿಪಟೂರು ತಾಲ್ಲೂಕಿನ ನಮ್ಮ ತೋಟದ ಮನೆಯಿಂದ ಕೊಟ್ಟಿಗೆ ಸುಮಾರು 120 ಅಡಿ ದೂರದಲ್ಲಿದೆ. ಗಬ್ಬದ ಹಸುವಿಗೆ ದಿನ ತುಂಬುತ್ತಾ ಬಂದರೆ ರಾತ್ರಿ ಎರಡು ಗಂಟೆಗೊಮ್ಮೆ ಬ್ಯಾಟರಿ ಹಿಡಿದು ಹೋಗಿಬರುವುದು ನನ್ನ ಮತ್ತು ನನ್ನ ಹೆಂಡತಿಯ ಪಾಳಿಯ ಕೆಲಸವಾಗಿತ್ತು. ಆ ಓಡಾಟ ತಪ್ಪಲೆಂದು 3 ವರ್ಷದ ಹಿಂದೆ, 4ಜಿ ಸಿಮ್ ಹಾಕಿದರೆ ನಡೆಯುವ, ಕತ್ತಲಲ್ಲೂ ಕಾಣುವ, ಮೊಬೈಲಿನಿಂದಲೇ ತಿರುಗಿಸಬಹುದಾದ ಕ್ಯಾಮೆರಾವೊಂದನ್ನು 3,400 ರೂಪಾಯಿಗೆ ತಂದೆ. ನಮ್ಮ ಆರು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ಮಿಶ್ರತಳಿ ಹಸುಗಳು ಅಲ್ಲಿಂದೀಚೆಗೆ ಅದರ ಕೆಳಗೆ 14 ಕರು ಹಾಕಿವೆ.

ಕ್ಯಾಮೆರಾ ಬಂದ ಮೇಲೆ ನಾವು ಹಸುವನ್ನು ನೋಡುವುದು ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಕಡಿಮೆಯಾದದ್ದು ಹಸುವಿಗೆ ನಮ್ಮಿಂದ ಆಗುತ್ತಿದ್ದ ಕಿರಿಕಿರಿ. ನೋವು ಆರಂಭವಾದ ಹಸು ಬೆಳಕು ಮತ್ತು ಹೆಜ್ಜೆ ಸದ್ದಿಗೆ ಬೆದರಿ ಎದ್ದು ನಿಲ್ಲುವುದನ್ನು, ಮತ್ತೆ ಮಲಗಲು ಹೊತ್ತು ತೆಗೆದುಕೊಳ್ಳುವುದನ್ನು ಹಿಂದೆ ಅನೇಕ ಸಲ ಕಂಡಿದ್ದೆವು; ಮೊದಲ ಸಲ ಈಯುವ ಕಡಸುಗಳಂತೂ ಇನ್ನೂ ಅಂಜುತ್ತವೆ. ನನ್ನ ಮಟ್ಟಿಗೆ ಕೊಟ್ಟ ಹಣಕ್ಕೆ ಇದೊಂದೇ ಸಾಕು.

ಗರ್ಭಧಾರಣೆ ಮಾಡಿಸಿದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟು, ಅಲ್ಲಿಂದ 280 ದಿನ ಎಣಿಸಿ, 270ನೇ ದಿನದಿಂದ ಎಚ್ಚರ ವಹಿಸುತ್ತೇವೆ. ಕೆಚ್ಚಲು ಬಿಗಿದಿದೆಯೇ, ಬಾಲದ ಬುಡದ ಎರಡೂ ಬದಿ ಸಡಿಲಗೊಂಡು ತಗ್ಗಾಗಿದೆಯೇ ಎಂಬುದನ್ನು ಸಂಜೆ ಹಾಲು ಕರೆಯುವಾಗ ಕೈಯಿಟ್ಟೇ ತಿಳಿಯಬೇಕು. ಕ್ಯಾಮೆರಾದಲ್ಲಿ ಅದು ತಿಳಿಯುವುದಿಲ್ಲ. ತಗ್ಗು ಕಂಡ ರಾತ್ರಿ ಹಾಸಿಗೆಯಿಂದಲೇ ಗಂಟೆಗೊಮ್ಮೆ ನೋಡುತ್ತೇವೆ. ಹಸು ಪದೇ ಪದೇ ಎದ್ದು ಮಲಗಿ, ಬಾಲ ಎತ್ತಿಕೊಂಡು, ಮೇವು ಬಿಟ್ಟು ನಿಲ್ಲುವ ಮೊದಲ ಹಂತ ಸಾಮಾನ್ಯವಾಗಿ 2ರಿಂದ 6 ಗಂಟೆ ನಡೆಯುತ್ತದೆ, ಕಡಸಿಗೆ ಇನ್ನೂ ಹೆಚ್ಚು. ಈ ಹಂತಕ್ಕೆ ಕ್ಯಾಮೆರಾಕ್ಕಿಂತ ಒಳ್ಳೆಯ ಕಾವಲುಗಾರನಿಲ್ಲ.

ಕರುವಿಗಿಂತ ಮೊದಲು ಹೊರಬರುವ ನೀರುಚೀಲ ಕಂಡ ಕೂಡಲೇ ಮೊಬೈಲ್ ಕೆಳಗಿಟ್ಟು ಕೊಟ್ಟಿಗೆಗೆ ಹೋಗಲೇಬೇಕೆಂಬುದನ್ನು ನಾನು ಕಲಿತದ್ದು ಎರಡನೆಯ ವರ್ಷ. ಅಂದು ಪರದೆಯಲ್ಲಿ ಎರಡು ಗೊರಸು ಕಂಡವು. ಇನ್ನೇನು ಮೂತಿ ಬರುತ್ತದೆ ಎಂದು ಮುಕ್ಕಾಲು ಗಂಟೆ ಮಲಗಿಯೇ ಕಾದೆ. ಹೋಗಿ ನೋಡಿದರೆ ಗೊರಸಿನ ಅಡಿಭಾಗ ಮೇಲ್ಮುಖವಾಗಿತ್ತು, ಬರುತ್ತಿದ್ದದ್ದು ಹಿಂಗಾಲು. ಕಪ್ಪು ಬಿಳುಪಿನ ರಾತ್ರಿಚಿತ್ರದಲ್ಲಿ ಆ ವ್ಯತ್ಯಾಸ ಕಾಣುವುದೇ ಇಲ್ಲ. ಪಶುವೈದ್ಯರು ಬಂದು ಎಳೆದು ತೆಗೆದ ಕರು ಉಳಿಯಿತು, ಆದರೆ ಮೊದಲ ದಿನವೆಲ್ಲ ತಾನಾಗಿ ಮೊಲೆ ಹಿಡಿಯಲಿಲ್ಲ. ಈಗ ನೀರುಚೀಲ ಕಂಡ ಮೇಲೆ ಈದು ಅಭ್ಯಾಸವಿರುವ ಹಸುವಿಗೆ ಅರ್ಧ ಗಂಟೆ, ಕಡಸಿಗೆ ಒಂದು ಗಂಟೆ ಕೊಡುತ್ತೇವೆ. ಅಷ್ಟರಲ್ಲಿ ಮುಂದುವರಿದಿರದಿದ್ದರೆ ವೈದ್ಯರಿಗೆ ಫೋನ್.

ಇನ್ನು ಯಂತ್ರದ ದೋಷಗಳು. ಚಲನೆ ಕಂಡರೆ ಎಚ್ಚರಿಸುವ ವ್ಯವಸ್ಥೆಯನ್ನು ಮೊದಲ ವಾರದಲ್ಲೇ ಆರಿಸಿದೆವು, ಏಕೆಂದರೆ ಕತ್ತಲಲ್ಲಿ ಕಾಣಲೆಂದು ಕ್ಯಾಮೆರಾದಲ್ಲಿರುವ ಕೆಂಪು ದೀಪಗಳಿಗೆ ಮುತ್ತುವ ಹುಳು, ಅವುಗಳ ಆಸೆಗೆ ಬಲೆ ಕಟ್ಟುವ ಜೇಡ, ಅಲುಗುವ ಬಾಲ ಎಲ್ಲವೂ ಅದಕ್ಕೆ ಚಲನೆಯೇ. ಸೊಳ್ಳೆಗೆಂದು ಹಾಕುವ ಹೊಗೆ ಗಾಜಿನ ಮೇಲೆ ಜಿಡ್ಡಾಗಿ ಕೂರುವುದರಿಂದ ವಾರಕ್ಕೊಮ್ಮೆ ಒರೆಸಬೇಕು. ಕರೆಂಟು ಹೋದರೆ ಕಣ್ಣು ಮುಚ್ಚುತ್ತದೆ. ಸಣ್ಣ ಬ್ಯಾಕಪ್ ಬ್ಯಾಟರಿಗೆ ಮತ್ತೆ 1,200 ರೂಪಾಯಿ ತೆತ್ತೆವು. ಹದಿನಾಲ್ಕನೆಯ ತಿಂಗಳಲ್ಲಿ ತಿರುಗುವ ಭಾಗ ಕೆಟ್ಟಾಗ, ವಾರಂಟಿ 12 ತಿಂಗಳಿಗೆ ಮುಗಿದಿದೆ ಎಂಬ ಉತ್ತರ ಬಂತು. ಅಂದಿನಿಂದ ಅದನ್ನು ಕರು ಹಾಕುವ ಮೂಲೆಗೇ ಮುಖ ಮಾಡಿ ಬಿಗಿದಿದ್ದೇವೆ, ಹಸುವನ್ನು ಆ ಮೂಲೆಗೆ ಕಟ್ಟುತ್ತೇವೆ.

ನಿದ್ದೆಯ ಲೆಕ್ಕದಲ್ಲಿ ಮಾತ್ರ ಕ್ಯಾಮೆರಾವನ್ನು ಸೋಲಿಸಿದ್ದು ಕಾಸು ಖರ್ಚಿಲ್ಲದ ಒಂದು ಬದಲಾವಣೆ. ಕೆನಡಾದ ಮ್ಯಾನಿಟೋಬಾದ ಗಸ್ ಕೊನೆಫಲ್ ಎಂಬ ದನಗಾಹಿ ರೈತ 1970ರ ದಶಕದಲ್ಲಿ, ಮೇವಿನ ಹೊತ್ತನ್ನು ರಾತ್ರಿಗೆ ಸರಿಸಿದರೆ ಹೆಚ್ಚು ಹಸುಗಳು ಹಗಲಿನಲ್ಲಿ ಈಯುತ್ತವೆ ಎಂದು ಕಂಡುಕೊಂಡದ್ದನ್ನು ಓದಿ, ನಾವೂ ದಿನ ತುಂಬುವ ಒಂದು ತಿಂಗಳ ಮುಂಚಿನಿಂದ ಮುಖ್ಯ ಮೇವನ್ನು ರಾತ್ರಿ 9 ಗಂಟೆಗೆ ಹಾಕತೊಡಗಿದೆವು. ಅನಂತರದ ಎಂಟು ಕರುಗಳಲ್ಲಿ ಆರು ಬೆಳಗಿನ 6ರಿಂದ ಸಂಜೆ 6ರೊಳಗೆ ಹುಟ್ಟಿದವು. ಎಂಟು ಕರು ಪುರಾವೆಯಾಗುವುದಿಲ್ಲವೆಂಬ ಅರಿವು ನನಗಿದೆ, ಆದರೂ ಬಿಡುವ ಮನಸ್ಸಿಲ್ಲ.

ಕರು ಬಿದ್ದ ಮೇಲೆ ಕ್ಯಾಮೆರಾವನ್ನು ನಂಬುವುದು ಅಪಾಯ. ಮೊದಲ ಎರಡು ಗಂಟೆಯೊಳಗೆ ಗಿಣ್ಣುಹಾಲು ಕುಡಿಸಿ, ಹೊಕ್ಕುಳಿಗೆ ಅಯೋಡಿನ್ ಹಚ್ಚಿ, ಸತ್ತೆ (ಮಾಸು) 12 ಗಂಟೆಯೊಳಗೆ ಬಿತ್ತೇ ಎಂದು ನೋಡಿಕೊಳ್ಳಬೇಕು. ಮೊದಲ ಮೂರು ದಿನ ಹಾಲು ಜ್ವರದ, ಅಂದರೆ ಈದ ಹಸುವಿನ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿಯುವ ಕಾಯಿಲೆಯ, ಭಯವೂ ಇರುತ್ತದೆ. ಕತ್ತನ್ನು ಪಕ್ಕೆಗೆ ತಿರುಗಿಸಿ ಬಿದ್ದಿರುವ ಹಸು ಪರದೆಯಲ್ಲಿ ನೆಮ್ಮದಿಯಾಗಿ ನಿದ್ರಿಸುವ ಹಸುವಿನಂತೆಯೇ ಕಾಣುತ್ತದೆ; ಕಿವಿ ಮುಟ್ಟಿ ನೋಡಿದರೆ ತಣ್ಣಗಿರುತ್ತದೆ. ಆ ಮೂರು ರಾತ್ರಿ ನಾವು ಹಳೆಯಂತೆ ಬ್ಯಾಟರಿ ಹಿಡಿದೇ ಹೋಗುತ್ತೇವೆ.

ಕೊಟ್ಟಿಗೆ ಮನೆಗೆ ಅಂಟಿಕೊಂಡಿದ್ದು ಒಂದೆರಡು ಹಸು ಮಾತ್ರ ಇರುವವರಿಗೆ ಇದು ಬೇಕಿಲ್ಲ. ದೂರವಿದ್ದು, ವರ್ಷಕ್ಕೆ ನಾಲ್ಕೈದು ಹಸು ಈಯುವುದಾದರೆ ಕೊಳ್ಳಬಹುದು. ಆಗ ತಿರುಗದ, ಗಟ್ಟಿಯಾದ, ಕಡಿಮೆ ಬೆಲೆಯ ಮಾದರಿಯನ್ನೇ ಆರಿಸಿ, ಉಳಿದ ಹಣವನ್ನು ಬ್ಯಾಕಪ್ ಬ್ಯಾಟರಿಗೆ ಹಾಕಿ.