ಅಲನ್ ಕಮಿಂಗ್ ತನ್ನ ಕಥೆಯನ್ನು ತಾನೇ ಓದಿದ ಆಡಿಯೊಬುಕ್: ಕಾಸಿಗೆ ಮೋಸವಿಲ್ಲ

ಈ ಪುಸ್ತಕವನ್ನು ನಾನು ಎರಡು ಸಲ ಕೊಂಡೆ. ಮೊದಲು ಪೇಪರ್‌ಬ್ಯಾಕ್. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ತರಿಸಿ ಒಂದು ತಿಂಗಳು ಹಾಗೇ ಇಟ್ಟಿದ್ದೆ. ಆಮೇಲೆ ತೆಗೆದರೆ ಅಂಟು ಬಿಟ್ಟು ಹಾಳೆಗಳು ಒಂದೊಂದಾಗಿ ಕೈಗೆ ಬಂದವು. ವಾಪಸ್ ಕೊಡೋಣ ಅಂದರೆ ಗಡುವು ಮುಗಿದಿತ್ತು. ಸಿಟ್ಟಿನಲ್ಲಿ ಆಡಿಯೊಬುಕ್ ತೆಗೆದುಕೊಂಡೆ. ಒಳ್ಳೆಯದೇ ಆಯಿತು.

ಪುಸ್ತಕದ ಹೆಸರು ‘ನಾಟ್ ಮೈ ಫಾದರ್ಸ್ ಸನ್’, 2014ರಲ್ಲಿ ಬಂದದ್ದು. ಅಲನ್ ಕಮಿಂಗ್ ಅಂದರೆ ಯಾರು ಅಂತ ಥಟ್ಟನೆ ಹೊಳೆಯದಿದ್ದರೆ 1995ರ ಜೇಮ್ಸ್ ಬಾಂಡ್ ಸಿನಿಮಾ ‘ಗೋಲ್ಡನ್‌ಐ’ ನೆನಪಿಸಿಕೊಳ್ಳಿ. ಅದರಲ್ಲಿ ಬೆರಳ ಸಂದಿಯಲ್ಲಿ ಪೆನ್ನು ತಿರುಗಿಸುತ್ತಾ ಕೂರುವ ರಷ್ಯನ್ ಹ್ಯಾಕರ್ ಬೋರಿಸ್ ಇವನೇ. ಎಕ್ಸ್-ಮೆನ್ ಸಿನಿಮಾ ‘ಎಕ್ಸ್ 2’ನಲ್ಲಿ ಮೈಯೆಲ್ಲ ನೀಲಿ ಬಳಿದುಕೊಂಡ ನೈಟ್‌ಕ್ರಾಲರ್, ‘ದಿ ಗುಡ್ ವೈಫ್’ ಟಿವಿ ಧಾರಾವಾಹಿಯ ಇಲೈ ಗೋಲ್ಡ್ ಕೂಡ ಇವನೇ. ನ್ಯೂಯಾರ್ಕಿನ ರಂಗಭೂಮಿ ಬ್ರಾಡ್‌ವೇಯಲ್ಲಿ ‘ಕ್ಯಾಬರೆ’ ಸಂಗೀತ ನಾಟಕ ಮಾಡಿ 1998ರಲ್ಲಿ ಅಲ್ಲಿನ ದೊಡ್ಡ ನಾಟಕ ಪ್ರಶಸ್ತಿ ಟೋನಿ ಗೆದ್ದ. ಆದರೆ ಇದನ್ನೆಲ್ಲ ಕೇಳೋಣ ಅಂತ ಹೋದರೆ ನಿರಾಸೆ ಖಂಡಿತ. ಇಲ್ಲಿ ಸಿನಿಮಾ ಬರುವುದು ಸುಮ್ನೆ ಅಲ್ಲೊಂದು ಇಲ್ಲೊಂದು ಕಡೆ.

ಇದು ಅಪ್ಪನ ಕಥೆ. ಅಲನ್ ಹುಟ್ಟಿದ್ದು 1965ರಲ್ಲಿ, ಅಬರ್‌ಫೆಲ್ಡಿಯಲ್ಲಿ. ಬೆಳೆದದ್ದು ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಕಾರ್ನೂಸ್ಟಿ ಹತ್ತಿರದ ಪಾನ್‌ಮ್ಯೂರ್ ಎಸ್ಟೇಟಿನಲ್ಲಿ. ಅಪ್ಪ ಅಲ್ಲಿನ ಕಾಡು ನೋಡಿಕೊಳ್ಳುವವರ ಮುಖ್ಯಸ್ಥ. ಶುರುವಿನಲ್ಲೇ ಒಂದು ದೃಶ್ಯ ಇದೆ. ಕೂದಲು ಉದ್ದ ಬಂದಿದೆ ಅಂತ ಅಪ್ಪ ಹುಡುಗನನ್ನು ಶೆಡ್ಡಿಗೆ ಎಳೆದುಕೊಂಡು ಹೋಗಿ, ಕುರಿಗಳಿಗೆ ಬಳಸುವ ಕತ್ತರಿಯಿಂದ ತಲೆ ಬೋಳಿಸುತ್ತಾನೆ. ನಾನು ಮೆಟ್ರೋದಲ್ಲಿ ನಿಂತು ಕೇಳುತ್ತಿದ್ದೆ, ಗೊತ್ತಿಲ್ಲದೆ ಕೈ ತಲೆಗೆ ಹೋಗಿತ್ತು.

ಆಡಿಯೊನೇ ತಗೊಳ್ಳಿ ಅಂತ ನಾನು ಹೇಳುವುದು ಇದಕ್ಕೇ. ಮಿಕ್ಕ ಕಡೆ ದನಿ ಮೆತ್ತಗೆ, ತಮಾಷೆಯಾಗಿ, ಹರಟೆ ಹೊಡೆಯುವ ಹಾಗೆ ಸಾಗುತ್ತದೆ. ಅಪ್ಪನ ಮಾತು ಬಂದ ಕೂಡಲೇ ಅದು ಒರಟಾಗಿ, ಗಂಟಲ ಆಳದಿಂದ ಬರುತ್ತದೆ. ಅಪ್ಪನ ಹೆಜ್ಜೆ ಸಪ್ಪಳದಲ್ಲೇ ಇವತ್ತು ಏಟು ಬೀಳುತ್ತಾ ಇಲ್ವಾ ಅಂತ ಅಳೆದು, ಮುಖದಲ್ಲಿ ಏನೂ ತೋರಿಸದೆ ನಿಲ್ಲುವುದನ್ನು ಕಲಿತ ಹುಡುಗ ಅವನು. ನಟನೆಯ ಮೊದಲ ಪಾಠ ಗ್ಲಾಸ್ಗೋದ ನಾಟಕ ಶಾಲೆಯಲ್ಲಿ ಅಲ್ಲ, ಆ ಮನೆಯಲ್ಲೇ ಆಗಿತ್ತು. ಓದುವಾಗ ಇದು ಬರೀ ಒಂದು ಸಂಗತಿ. ಅದೇ ಹುಡುಗ ದೊಡ್ಡವನಾಗಿ ಆ ಅಪ್ಪನ ದನಿಯನ್ನು ತನ್ನ ಬಾಯಲ್ಲಿ ತರುವಾಗ ಮೈ ಜುಂ ಅನ್ನುತ್ತದೆ.

ಇನ್ನೊಂದು ಎಳೆ 2010ರದ್ದು. ಬಿಬಿಸಿಯ ವಂಶ ಹುಡುಕುವ ಕಾರ್ಯಕ್ರಮಕ್ಕೆ ಅಲನ್ ಒಪ್ಪಿಕೊಂಡಿದ್ದಾನೆ. ಅಮ್ಮನ ಅಪ್ಪ ಟಾಮಿ ಡಾರ್ಲಿಂಗ್ ಸೈನಿಕ, ಎರಡನೇ ಮಹಾಯುದ್ಧದಲ್ಲಿ ಮಿಲಿಟರಿ ಮೆಡಲ್ ಪಡೆದವನು, 1951ರಲ್ಲಿ ಮಲಯಾದಲ್ಲಿ (ಈಗಿನ ಮಲೇಷ್ಯಾ) ಗುಂಡು ತಗುಲಿ ಸತ್ತವನು. ಹೇಗೆ ಸತ್ತ ಅಂತ ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ತಾತನ ಹಾದಿ ಹುಡುಕುತ್ತಾ ಹೋದರೆ ನಡುವೆ ಕೊಹಿಮಾ ಬರುತ್ತದೆ! ನಮ್ಮ ನಾಗಾಲ್ಯಾಂಡಿನ ಕೊಹಿಮಾ. ಅಲ್ಲಿ ಕಿವಿ ನೆಟ್ಟಗಾಯಿತು. ಇದೇ ಹೊತ್ತಿಗೆ ಅತ್ತ ಅಪ್ಪ ಅಲನ್‌ನ ಅಣ್ಣನ ಮೂಲಕ ಒಂದು ಮಾತು ತಲುಪಿಸುತ್ತಾನೆ: ಅಲನ್ ನನ್ನ ಮಗನೇ ಅಲ್ಲ. ಆಮೇಲೆ ಡಿಎನ್‌ಎ ಪರೀಕ್ಷೆ. ಫಲಿತಾಂಶ ನಾನು ಹೇಳಲ್ಲ, ಹೆಸರು ನೋಡಿ ಊಹೆ ಮಾಡಲೂ ಹೋಗಬೇಡಿ.

ಕೊರತೆ ಇಲ್ಲ ಅಂತಲ್ಲ. ಅಧ್ಯಾಯಗಳು ಅಂದು, ಇಂದು ಅಂತ ಹಿಂದೆ ಮುಂದೆ ಜಿಗಿಯುತ್ತವೆ. ಧಾರಾವಾಹಿಯ ಶುಕ್ರವಾರದ ಕಂತಿನ ಹಾಗೆ ಬೇಕಂತಲೇ ತುದಿಯಲ್ಲಿ ತಂದು ನಿಲ್ಲಿಸುವುದು ಜಾಸ್ತಿ ಆಯಿತು. ನಡುನಡುವೆ ಸೆಲೆಬ್ರಿಟಿ ಪಾರ್ಟಿಗಳೂ ಬರುತ್ತವೆ, ಅಲ್ಲಿ ನಾನು ಮೂವತ್ತು ಸೆಕೆಂಡ್ ಮುಂದಕ್ಕೆ ಒತ್ತಿದ್ದುಂಟು.

ಸ್ಕಾಟಿಷ್ ಇಂಗ್ಲಿಷ್ ಅರ್ಥ ಆಗುತ್ತಾ ಅಂತ ಹೆದರಬೇಡಿ. ಅವರು ‘ರ’ವನ್ನು ನುಂಗದೆ ನಮ್ಮ ಹಾಗೆ ನಾಲಿಗೆ ಆಡಿಸಿ ಹೇಳುತ್ತಾರೆ. ನನಗಂತೂ ಲಂಡನ್ ಇಂಗ್ಲಿಷ್‌ಗಿಂತ ಇದೇ ಸಲೀಸಾಯಿತು. ವೇಗ ಮಾತ್ರ ಹೆಚ್ಚಿಸಬೇಡಿ, ಅವನು ಉಸಿರು ಬಿಡುವ ಜಾಗವೂ ಲೆಕ್ಕಕ್ಕಿದೆ.

ಸಿನಿಮಾ ಸಂಗತಿಯೇ ಬೇಕು ಅನ್ನುವವರು 2021ರ ಅವನ ಇನ್ನೊಂದು ಆತ್ಮಕಥೆ ‘ಬ್ಯಾಗೇಜ್’ ಹಿಡಿಯಿರಿ. ಇದಕ್ಕೆ ನನ್ನಿಂದ ಐದಕ್ಕೆ ನಾಲ್ಕೂವರೆ. ಪೇಪರ್‌ಬ್ಯಾಕಿಗೆ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದೇನೆ. ಕೇಳಿ ಮುಗಿದ ರಾತ್ರಿ ಆ ಕತ್ತರಿಯ ಹಾಳೆ ಹುಡುಕಿ ತೆಗೆದು ಓದಿದೆ, ಅದೂ ಅವನ ದನಿಯಲ್ಲೇ ಕೇಳಿಸಿತು.