ಸತ್ತ ಕಾರಿನ ನಂಬರಿಗೆ 62,000 ಡಾಲರ್ ಕೊಟ್ಟ ಕಥೆ

ಡೆಟ್ರಾಯ್ಟ್ ಕಡೆ ಇರುವ ನಮ್ಮವರಲ್ಲಿ ಹಳೇ ಮಸಲ್ ಕಾರಿನ, ಅಂದರೆ ದೊಡ್ಡ ಎಂಜಿನ್ನಿನ ಅಮೆರಿಕನ್ ಕಾರಿನ, ಹುಚ್ಚು ಹತ್ತಿಸಿಕೊಂಡವರು ಈಗೀಗ ಜಾಸ್ತಿಯಾಗಿದ್ದಾರೆ. ಹೋದ ತಿಂಗಳು ಒಂದು ಗೃಹಪ್ರವೇಶದ ಊಟದಲ್ಲಿ ಹುಡುಗನೊಬ್ಬ ಫೋನ್ ತೋರಿಸಿದ. "ಅಣ್ಣಾ, 1970ರ ಚಾಲೆಂಜರ್. ಒರಿಜಿನಲ್ ಸಿಕ್ಸ್ ಪ್ಯಾಕ್ ಅಂತೆ, ನಲವತ್ತು ವರ್ಷ ಕೊಟ್ಟಿಗೆಯಲ್ಲೇ ಇತ್ತಂತೆ. ಅಡ್ವಾನ್ಸ್ ಕೊಟ್ಟುಬಿಡಲಾ?" ಅಂದ. ಪಾಯಸದ ಲೋಟ ಕೆಳಗಿಟ್ಟು ಅವನನ್ನು ಹೊರಗೆ ಕರೆದುಕೊಂಡು ಹೋದೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನದೂ ಚಾಲೆಂಜರೇ. 1970ರ ಡಾಡ್ಜ್ ಚಾಲೆಂಜರ್ ಆರ್/ಟಿ. 440 ಸಿಕ್ಸ್ ಪ್ಯಾಕ್ ಎಂಜಿನ್, ಅಂದರೆ 7.2 ಲೀಟರ್, ಮೇಲೆ ಸಾಲಾಗಿ ಮೂರು ಕಾರ್ಬುರೇಟರ್, 390 ಹಾರ್ಸ್‌ಪವರ್. ಕಂಪನಿ ಆ ಬಣ್ಣಕ್ಕೆ ಪ್ಲಮ್ ಕ್ರೇಜಿ ಅಂತ ಹೆಸರಿಟ್ಟಿತ್ತು. ನಮ್ಮ ಕಣ್ಣಿಗೆ ಅಪ್ಪಟ ನೇರಳೆ ಹಣ್ಣು. ಈ ಕಾರು ತಯಾರಾದ ಹ್ಯಾಮ್‌ಟ್ರ್ಯಾಮ್ಕ್‌ನ ಡಾಡ್ಜ್ ಮೇನ್ ಕಾರ್ಖಾನೆ 1980ರಲ್ಲೇ ಮುಚ್ಚಿತು. ಆ ಜಾಗ ನಮ್ಮ ಮನೆಯಿಂದ ಅರ್ಧ ಗಂಟೆ. ತವರಿಗೆ ಕರೆತಂದ ಹಾಗಾಗುತ್ತದೆ ಅಂತೆಲ್ಲ ನನಗೆ ನಾನೇ ಹೇಳಿಕೊಂಡಿದ್ದೆ. ಮೋಸ ಹೋಗುವವನ ಲಕ್ಷಣವೇ ಅದು, ಅಲ್ವಾ?

ಮಾರಿದವನ ಹೆಸರು ಬರೆಯುವುದಿಲ್ಲ. ಓಹಿಯೋದಲ್ಲಿ ಅವನ ಶೆಡ್ಡು. ಮಾತು ಬೆಣ್ಣೆ. "ಟೊಲೆಡೊ ಹತ್ತಿರ ಒಂದು ಕೊಟ್ಟಿಗೆಯಲ್ಲಿತ್ತು, 1976ರಿಂದ ರಸ್ತೆಗೆ ಇಳಿದಿಲ್ಲ" ಅಂದ. ಬಾನೆಟ್ ಒಳಗೆ ಕಂಪನಿಯ ಫೆಂಡರ್ ಟ್ಯಾಗ್, ಅಂದರೆ ಕಾರಿನ ವಿವರ ಕುಟ್ಟಿದ ತಗಡು, ಇತ್ತು. ಹಿಂದಿನ ಸೀಟಿನ ಸ್ಪ್ರಿಂಗಿನಲ್ಲಿ ಸಿಕ್ಕಿತು ಅಂತ ಕಾರ್ಖಾನೆಯ ಬಿಲ್ಡ್ ಶೀಟ್ ತೋರಿಸಿದ, ಕಾರಿಗೆ ಏನೇನು ಹಾಕಬೇಕು ಅಂತ ಬರೆದ ಹಾಳೆ. ಎಂಜಿನ್ ಮೇಲಿನ ನಂಬರ್ ಕಾರಿನ ನಂಬರಿಗೆ ಸರಿಹೊಂದಿತ್ತು. ಟೈಟಲ್, ಅಂದರೆ ಮಾಲೀಕತ್ವದ ಪತ್ರ, ಸ್ವಚ್ಛ. ಅಂಥ ಕಾರು ನಿಜವಾದದ್ದೇ ಆಗಿದ್ದರೆ ಲಕ್ಷ ಡಾಲರ್ ದಾಟುತ್ತದೆ. ಅವನು 62,000ಕ್ಕೆ ಕೊಟ್ಟ. ಯಾಕೆ ಇಷ್ಟು ಕಡಿಮೆ ಅಂತ ಕೇಳಲಿಲ್ಲ. ಕೇಳಿದರೆ ಎಲ್ಲಿ ಜಾಸ್ತಿ ಮಾಡಿಬಿಡುತ್ತಾನೋ ಅಂತ ಹೆದರಿಕೆ! ದುಡ್ಡು ಕೊಟ್ಟು ಒಬ್ಬ ಪರೀಕ್ಷಕನನ್ನೂ ಕರೆದುಕೊಂಡು ಹೋಗಿದ್ದೆ. ಅವನು ನೂರೈವತ್ತು ಫೋಟೋ ತೆಗೆದು "ಬಹಳ ಚೆನ್ನಾಗಿದೆ" ಅಂತ ರಿಪೋರ್ಟ್ ಕೊಟ್ಟ.

ಸುಳ್ಳು ಹೊರಬಂದದ್ದು ದಾವಣಗೆರೆಯಿಂದ ಬಂದ ಒಂದು ಫೋನಿನಲ್ಲಿ.

ನಮ್ಮಪ್ಪ ಮೂವತ್ತು ವರ್ಷ ಲಾರಿ ಇಟ್ಟಿದ್ದವರು. ವಿಡಿಯೋ ಕಾಲ್‌ನಲ್ಲಿ ಕಾರು ಪೂರ್ತಿ ನೋಡಿದರು. ಬಣ್ಣದ ಬಗ್ಗೆ ಏನೂ ಹೇಳಲಿಲ್ಲ. "ಚಾಸಿ ನಂಬರ್ ತಿಕ್ಕಿ ನೋಡಿದ್ಯೇನೋ?" ಅಂದರು. "ಅಪ್ಪಾ, ಡ್ಯಾಶ್ ಮೇಲೆ ಪ್ಲೇಟೇ ಇದೆಯಲ್ಲ" ಅಂದೆ. "ಪ್ಲೇಟ್ ಯಾರು ಬೇಕಾದ್ರೂ ಹೊಡೀತಾರೆ. ಕಬ್ಬಿಣದ ಮೇಲೆ ಕುಟ್ಟಿರೋದು ನೋಡು" ಅಂದರು.

ಆರ್‌ಟಿಒ ಆಫೀಸಿನ ಮುಂದೆ ಏಜೆಂಟರು ಮಾಡುವುದನ್ನು ನೋಡಿರುತ್ತೀರಿ. ನಂಬರಿನ ಮೇಲೆ ಪೆನ್ಸಿಲ್ ಮೊನೆಯನ್ನು ಅಡ್ಡಡ್ಡ ತಿಕ್ಕುತ್ತಾರೆ. ಮೇಲೆ ಸೆಲ್ಲೋ ಟೇಪ್ ಒತ್ತಿ, ಕಿತ್ತು, ಬಿಳಿ ಹಾಳೆಗೆ ಅಂಟಿಸುತ್ತಾರೆ. ನಂಬರ್ ಅಚ್ಚಾಗಿ ಬಂದಿರುತ್ತದೆ. ಅಷ್ಟೇ ವಿದ್ಯೆ. ಮಗಳ ಪೆನ್ಸಿಲ್ ಬಾಕ್ಸ್ ತೆಗೆದುಕೊಂಡು ಗ್ಯಾರೇಜಿಗೆ ಇಳಿದೆ.

ಆ ವರ್ಷದ ಚಾಲೆಂಜರಿಗೆ ಡ್ಯಾಶ್ ಪ್ಲೇಟಲ್ಲದೆ ಬಾಡಿಯ ಮೇಲೆಯೇ ಎರಡು ಕಡೆ ನಂಬರಿನ ಕೊನೆಯ ಭಾಗ ಕುಟ್ಟಿರುತ್ತಾರೆ. ಒಂದು, ರೇಡಿಯೇಟರ್ ಹಿಡಿದಿರುವ ಅಡ್ಡಪಟ್ಟಿಯ ಮೇಲೆ, ಡ್ರೈವರ್ ಬದಿಗೆ. ಅಲ್ಲಿ ತಿಕ್ಕಿದೆ. ಹೊಂದಿತು! ಕುಣಿದಾಡಿ ಅಪ್ಪನಿಗೆ ಫೋಟೋ ಕಳಿಸಿದೆ. "ಇನ್ನೊಂದು ಎಲ್ಲಿ?" ಅಂತ ಒಂದೇ ಸಾಲಿನ ಉತ್ತರ ಬಂತು.

ಇನ್ನೊಂದು ಇರುವುದು ವಿಂಡ್‌ಶೀಲ್ಡ್ ಬುಡದ ಕೌಲ್ ಅಂಚಿನಲ್ಲಿ, ಬಾನೆಟ್ ರಬ್ಬರ್ ಕೆಳಗೆ. ರಬ್ಬರ್ ಎತ್ತಿದರೆ ದಪ್ಪ ಬಣ್ಣ. ಅದರಡಿ ಪುಟ್ಟಿ. ಟಿಂಕರಿಂಗ್ ಮಾಡಿದವನು ಅಲ್ಲಿ ಮಾತ್ರ ಅಷ್ಟು ಧಾರಾಳವಾಗಿ ಪುಟ್ಟಿ ಮೆತ್ತಲು ಕಾರಣವೇ ಇರಲಿಲ್ಲ. ಉಗುರಿನಲ್ಲಿ ಕೆರೆದು, ಥಿನ್ನರ್ ಬಟ್ಟೆಯಲ್ಲಿ ಒರೆಸಿ, ಪೆನ್ಸಿಲ್ ಆಡಿಸಿದೆ. ಟೇಪ್ ಎತ್ತಿ ಹಾಳೆಗೆ ಹಚ್ಚಿದೆ. ಮೊದಲು ಸೊನ್ನೆ, ಆಮೇಲೆ ಬಿ. ಅಲ್ಲಿಯವರೆಗೆ ಸರಿ. ಆಮೇಲಿನ ಆರು ಅಂಕಿಯಲ್ಲಿ ಐದು ಬೇರೆ. ಟೇಪಿನ ಅಂಟಿನಲ್ಲಿ ನೇರಳೆ ಬಣ್ಣದ ಪುಡಿಯ ಜೊತೆ ಒಂದು ಹಸಿರು ಚೂರು ಬಂದಿತ್ತು. ಹೀಟರ್ ಪೆಟ್ಟಿಗೆ ಬಿಚ್ಚಿ ಹಿಂದೆ ಟಾರ್ಚ್ ಬಿಟ್ಟೆ. ಬಾಡಿಯ ಗೋಡೆ ಪೂರ್ತಿ ಹಸಿರು. ಯಾವುದೋ ಹಸಿರು ಕಾರಿಗೆ ನೇರಳೆ ಬಳಿದು, ಇನ್ನೊಂದು ಕಾರಿನ ನಂಬರ್ ಹಾಕಿದ್ದರು.

ಒಂದು ನಂಬರ್ ಯಾಕೆ ಇಷ್ಟು ಬೆಲೆ ಬಾಳುತ್ತದೆ ಅಂದರೆ, ನನ್ನ ಡ್ಯಾಶ್ ಪ್ಲೇಟ್ ಜೆಎಸ್23ವಿ0ಬಿ ಅಂತ ಶುರುವಾಗುತ್ತಿತ್ತು. ಜೆ ಅಂದರೆ ಚಾಲೆಂಜರ್, ಎಸ್ ಅಂದರೆ ಆರ್/ಟಿ ದರ್ಜೆ, 23 ಎರಡು ಬಾಗಿಲಿನ ಹಾರ್ಡ್‌ಟಾಪ್, ವಿ ಅಂದರೆ ಸಿಕ್ಸ್ ಪ್ಯಾಕ್, ಸೊನ್ನೆ 1970, ಬಿ ಹ್ಯಾಮ್‌ಟ್ರ್ಯಾಮ್ಕ್. ಆ ವಿ ಜಾಗದಲ್ಲಿ ಜಿ ಇದ್ದರೆ ಅದು 318ರ ಸಾಧಾರಣ ಎಂಜಿನ್. ಬೆಲೆ ಪಾತಾಳಕ್ಕೆ. ಆರ್ ಇದ್ದರೆ 426 ಹೆಮಿ, ಆಕಾಶಕ್ಕೆ. 1970ರಲ್ಲಿ ಹೆಮಿ ಹಾಕಿದ ಚಾಲೆಂಜರ್ ಆರ್/ಟಿಗಳು ಬರೀ 356. ಅದರ ಸೋದರ ಕಾರು ಪ್ಲಿಮತ್ ಕುಡಾ, ಅದೇ ವರ್ಷ ಹೆಮಿ ಹಾಕಿದ ಕನ್ವರ್ಟಿಬಲ್ 14. 1971ರದ್ದೊಂದು 2014ರ ಹರಾಜಿನಲ್ಲಿ 35 ಲಕ್ಷ ಡಾಲರಿಗೆ ಹೋಯಿತು. ಇಷ್ಟೆಲ್ಲ ನಿಂತಿರುವುದು ಜೇಬಿನಲ್ಲಿ ಹಿಡಿಯುವ ಒಂದು ತಗಡಿನ ಪಟ್ಟಿಯ ಮೇಲೆ. ಅದನ್ನು ಹಿಡಿದಿರುವುದು ಹೂವಿನಂಥ ಎರಡು ರಿವೆಟ್. ಆ ರಿವೆಟ್ಟೂ ಹೊಸದು ಸಿಗುತ್ತದೆ, ಫೆಂಡರ್ ಟ್ಯಾಗೂ ಹೊಸದಾಗಿ ಮಾಡಿಕೊಡುತ್ತಾರೆ. ನನ್ನ ಬಿಲ್ಡ್ ಶೀಟ್ ಈಗ ನೋಡಿದರೆ ನಗು ಬರುತ್ತದೆ. ಸೀಟಿನ ಸ್ಪ್ರಿಂಗಿನಲ್ಲಿ ಐವತ್ತು ವರ್ಷ ಇದ್ದ ಕಾಗದಕ್ಕೆ ತುಕ್ಕಿನ ಸುರುಳಿ ಗುರುತು ಇರಬೇಕಲ್ಲ? ನನ್ನದು ಚಹಾದಲ್ಲಿ ಅದ್ದಿದ ಹಾಗೆ ಎಲ್ಲ ಕಡೆ ಒಂದೇ ಸಮ ಕಂದು.

ಆ ಕಾಲದಲ್ಲಿ ಇವಕ್ಕೆ ಬೆಲೆ ಇರಲಿಲ್ಲ. ಇನ್ಶೂರೆನ್ಸ್ ಏರಿತು, 1973ರಲ್ಲಿ ಪೆಟ್ರೋಲ್ ಮುಗ್ಗಟ್ಟು ಬಂತು. ಸೆಕೆಂಡ್ ಹ್ಯಾಂಡ್ ಆಗಿ ಅಗ್ಗಕ್ಕೆ ಕೊಂಡ ಹುಡುಗರು ಮರಕ್ಕೂ ಸೇತುವೆಗೂ ಗುದ್ದಿದರು. ಉಳಿದವನ್ನು ಚಳಿಗಾಲದ ಉಪ್ಪು ತಿಂದಿತು. ಡೆಟ್ರಾಯ್ಟ್ ಊರಿನ ಅಡಿಯಲ್ಲೇ ಉಪ್ಪಿನ ಗಣಿ ಇದೆ, ರಸ್ತೆಯ ಮಂಜು ಕರಗಿಸುವ ಉಪ್ಪು ಅಲ್ಲಿಂದಲೇ ತೆಗೆಯುತ್ತಾರೆ. ಊರು ಮೇಲೆ ಕಾರು ಮಾಡುತ್ತಿತ್ತು, ಕೆಳಗೆ ಅದಕ್ಕೆ ವಿಷ ಅಗೆಯುತ್ತಿತ್ತು. ಒಟ್ಟಿನಲ್ಲಿ ಎಲ್ಲ ಗುಜರಿಗೆ ಹೋದವು. ನಂಬರಿನ ಪಟ್ಟಿ ಮಾತ್ರ ಯಾರದೋ ಡಬ್ಬಿಯಲ್ಲಿ ಉಳಿಯಿತು.

ಮಾರಿದವನಿಗೆ ಫೋನ್ ಮಾಡಿದೆ. "ನಾನೂ ಹಾಗೇ ಕೊಂಡದ್ದು, ಇದ್ದದ್ದು ಇದ್ದ ಹಾಗೆ ಅಂತ ಕಾಗದದಲ್ಲಿ ಸಹಿ ಮಾಡಿದ್ದೀಯಲ್ಲ" ಅಂದ. ವಕೀಲರು ಕಾಗದ ಓದಿ ನಿಟ್ಟುಸಿರು ಬಿಟ್ಟರು. ವಿನ್, ಅಂದರೆ ಕಾರಿನ ಈ ಗುರುತಿನ ನಂಬರ್, ತಿದ್ದುವುದು ಇಲ್ಲಿ ಫೆಡರಲ್ ಅಪರಾಧ, ಐದು ವರ್ಷದವರೆಗೆ ಜೈಲು. ಆದರೆ ಮಾಡಿದ್ದು ಯಾರು ಅಂತ ತೋರಿಸಬೇಕು. ನಾನೇ ಪೊಲೀಸರಿಗೆ ಹೇಳಿದೆ. ಹೇಳದೆ ಇನ್ನೊಬ್ಬರಿಗೆ ದಾಟಿಸಿದ್ದರೆ ನಾನೂ ಅದೇ ಸಾಲಿಗೆ ಸೇರುತ್ತಿದ್ದೆ. ಅವರು ಕಾರು ಎತ್ತಿಕೊಂಡು ಹೋದರು, ಡ್ಯಾಶ್ ಪಟ್ಟಿ ಕಿತ್ತು ಸಾಕ್ಷಿ ಅಂತ ಇಟ್ಟುಕೊಂಡರು. ಹಸಿರು ಬಾಡಿ ಕಳ್ಳತನದ್ದಲ್ಲ ಅಂತ ಗೊತ್ತಾದದ್ದು ನನ್ನ ಪುಣ್ಯ. ಏಳು ತಿಂಗಳಿಗೆ ಸರ್ಕಾರದ ಹೊಸ ನಂಬರ್ ಹಾಕಿಸಿಕೊಂಡು ವಾಪಸ್ ಬಂತು. 19,000ಕ್ಕೆ ಮಾರಿದೆ, ಎಲ್ಲ ಹೇಳಿಯೇ.

ಎರಡನೇ ಸಲ ಮೋಸ ಹೋದದ್ದು ಇದೆಲ್ಲದರ ನಡುವೆ. ಅಸಲಿ ನೇರಳೆ ಕಾರು ಏನಾಯಿತು ಅಂತ ತಿಳಿಯದೆ ನಿದ್ದೆ ಬರುತ್ತಿರಲಿಲ್ಲ. ಹಳೇ ಕಾರುಗಳ ಗತಿ ಹುಡುಕಿಕೊಡುತ್ತೇನೆ ಅನ್ನುವ ಒಬ್ಬನಿಗೆ 400 ಡಾಲರ್ ಕೊಟ್ಟೆ. ಮೂರು ವಾರಕ್ಕೆ ಚಂದದ ರಿಪೋರ್ಟ್ ಬಂತು: ಹಳೇ ಕಾರು ಕೊಟ್ಟು ಹೊಸದು ಕೊಂಡರೆ ಸರ್ಕಾರ ದುಡ್ಡು ಕೊಡುತ್ತಿದ್ದ 2009ರ ಕ್ಯಾಶ್ ಫಾರ್ ಕ್ಲಂಕರ್ಸ್ ಯೋಜನೆಯಲ್ಲಿ ಪುಡಿಯಾಯಿತಂತೆ. ಆ ಯೋಜನೆಗೆ 25 ವರ್ಷಕ್ಕಿಂತ ಹಳೇ ಕಾರು ಸೇರುತ್ತಲೇ ಇರಲಿಲ್ಲ. 1970ರ ಕಾರು ಅಲ್ಲಿಗೆ ಹೇಗೆ ಹೋಗುತ್ತದೆ? ಇಂಥವರಿಗೆ ದುಡ್ಡು ಕೊಡಬೇಡಿ. ಇವರ ಹತ್ತಿರ ಇರುವ ದಾಖಲೆ ನಮ್ಮ ಹತ್ತಿರ ಇರುವುದೇ. ಕಾರಿನ ಚರಿತ್ರೆ ಹೇಳುವ ಕಾರ್‌ಫ್ಯಾಕ್ಸ್ 1981ರಿಂದ ಬಂದ 17 ಅಕ್ಷರದ ನಂಬರಿಗೆ ಮಾತ್ರ. ಗುಜರಿಯವರು ದೇಶದ ಟೈಟಲ್ ದಾಖಲೆ ವ್ಯವಸ್ಥೆಗೆ ಲೆಕ್ಕ ಕೊಡಬೇಕು ಅನ್ನುವ ನಿಯಮ ಜಾರಿಗೆ ಬಂದದ್ದೇ 2009ರಲ್ಲಿ. ಅದಕ್ಕೂ ಮುಂಚೆ ಜಜ್ಜಿಹೋದದ್ದಕ್ಕೆ ಅಲ್ಲಿ ಗುರುತು ಹುಡುಕಿ ಸುಖವಿಲ್ಲ. ಹಳೇ ಮಾಲೀಕರ ಹೆಸರು ಕೇಳಿದರೆ 1994ರ ಖಾಸಗಿತನದ ಕಾಯ್ದೆ ಅಡ್ಡ ಬರುತ್ತದೆ. ಫೋರ್ಡ್ ಕೊಳ್ಳುವವರು ಅದೃಷ್ಟವಂತರು, 1967ರಿಂದ ಈಚಿನ ಕಾರುಗಳಿಗೆ ಕಂಪನಿಯ ದಾಖಲೆಯಿಂದ ತೆಗೆದ ಮಾರ್ಟಿ ರಿಪೋರ್ಟ್ ಸಿಗುತ್ತದೆ. ಪಾಂಟಿಯಾಕ್‌ಗೂ ಕಾರ್ಖಾನೆಯ ದಾಖಲೆ ಉಳಿದಿದೆ. ಷೆವರ್ಲೆ ಇನ್ನೂ ಕಷ್ಟ, 1971ರವರೆಗೆ ನಂಬರ್ ನೋಡಿ ಯಾವ ಎಂಜಿನ್ ಅಂತ ಹೇಳಲಾಗದು, ವಿ8ಓ ಆರು ಸಿಲಿಂಡರೋ ಅಷ್ಟೇ. ನಮ್ಮ ಡಾಡ್ಜ್‌ಗೆ ಉಳಿಯುವುದು ಕಬ್ಬಿಣ ಮತ್ತು ಪೆನ್ಸಿಲ್. ಅಡ್ವಾನ್ಸ್ ಕೊಡುವ ಮುಂಚೆ ನೀವೇ ತಿಕ್ಕಿ. ರಬ್ಬರ್ ಎತ್ತಲು ಮಾರುವವನು ಒಪ್ಪದಿದ್ದರೆ ಕಾಫಿ ಕುಡಿದು ಮನೆಗೆ ಬನ್ನಿ.

ಕೊನೆಗೆ ಗತಿ ತಿಳಿದದ್ದು ಮನುಷ್ಯರಿಂದ. ಅದಾದ ಮೇಲಿನ ಜುಲೈನಲ್ಲಿ ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿ ನಡೆಯುವ, ಡಾಡ್ಜ್ ಮಾಡಿದ ಕ್ರೈಸ್ಲರ್ ಕಂಪನಿಯ ಕಾರುಗಳ ಜಾತ್ರೆಗೆ ಹೋದೆ. ರಟ್ಟಿನ ಮೇಲೆ "ನೇರಳೆ ಚಾಲೆಂಜರ್, ಸಿಕ್ಸ್ ಪ್ಯಾಕ್, ಬಿಳಿ ಸೀಟು, ಟೊಲೆಡೊ, 1976" ಅಂತ ಬರೆದು, ಪಟ್ಟಿಯ ಫೋಟೋ ಅಂಟಿಸಿ, ಮೂರು ದಿನ ಮಡಚುವ ಕುರ್ಚಿ ಹಾಕಿಕೊಂಡು ಕೂತೆ. ಎರಡನೇ ದಿನ ಸುಮಾರು ಎಂಬತ್ತರ ಒಬ್ಬ ಅಜ್ಜ ಬಂದು ರಟ್ಟನ್ನೇ ನೋಡುತ್ತ ನಿಂತರು.

ಅದು ಅವರ ತಮ್ಮನ ಕಾರು. ಗಾಜಿನ ಕಾರ್ಖಾನೆಯ ಸಂಬಳದಲ್ಲಿ ಹೊಸದಾಗಿ ಕೊಂಡದ್ದು. 1976ರ ನವೆಂಬರಿನ ರಾತ್ರಿ ಮೋರಿಯ ಕಟ್ಟೆಗೆ ಹೊಡೆದ. ತಮ್ಮ ಹೆಗಲ ಮೂಳೆ ಮುರಿದುಕೊಂಡು ಬದುಕಿದ, ಕಾರಿನ ಚಾಸಿ ಬಾಳೆಹಣ್ಣಿನ ಹಾಗೆ ಬಾಗಿತ್ತು. ಗುಜರಿಯವನು ಎಳೆದುಕೊಂಡು ಹೋದ. ಅದೇ ಚಳಿಗಾಲದಲ್ಲಿ ಡ್ರ್ಯಾಗ್ ರೇಸಿನವನೊಬ್ಬ ಎಂಜಿನ್ ಬಿಚ್ಚಿಕೊಂಡು ಹೋದನಂತೆ. ಹಾಗಾದರೆ ನನ್ನ ಕಾರಿನ 'ಹೊಂದುವ' ಎಂಜಿನ್‌ಗೆ ನಂಬರ್ ಕುಟ್ಟಿದ್ದು ಯಾವಾಗ ಅಂತ ನೀವೇ ಲೆಕ್ಕ ಹಾಕಿ. ಉಳಿದ ಹೆಣ ಕೆಲವು ವರ್ಷ ಹುಲ್ಲಿನಲ್ಲಿ ಬಿದ್ದಿತ್ತು, ಆಮೇಲೆ ಕ್ರಷರಿಗೆ ಹೋಯಿತು. ಮಾರಿದವನು ಒಂದು ನಿಜ ಹೇಳಿದ್ದ ನೋಡಿ. 1976ರಿಂದ ಅದು ರಸ್ತೆಗೆ ಇಳಿದಿರಲಿಲ್ಲ.

ಮುಂದಿನ ವಾರ ಅಜ್ಜ ಹಳೇ ರಿಜಿಸ್ಟ್ರೇಷನ್ ಚೀಟಿಯ ನಕಲು ಕಳಿಸಿದರು. ನಂಬರ್ ಕೊನೆಯ ಅಂಕಿಯವರೆಗೂ ಅದೇ. ಜೊತೆಗೊಂದು ಫೋಟೋ: ಮನೆ ಮುಂದೆ ನೇರಳೆ ಕಾರು, ಬಾನೆಟ್ ಮೇಲೆ ತೆಳ್ಳನೆಯ ಹುಡುಗ, ಕೈಯಲ್ಲಿ ಬಕೆಟ್ಟು. ತಮ್ಮ ತೀರಿಕೊಂಡು ಹತ್ತು ವರ್ಷದ ಮೇಲಾಯಿತಂತೆ. ಆ ಪಟ್ಟಿ ಈಗ ಎಲ್ಲಿದೆ, ತನಗೆ ಸಿಗಬಹುದಾ ಅಂತ ಕೇಳಿದ್ದರು. ಪೊಲೀಸರಿಗೆ ಎರಡು ಸಲ ಕಾಗದ ಬರೆದೆ. ಕೇಸು ಮುಗಿಯುವ ತನಕ ಕೊಡಲು ಬರುವುದಿಲ್ಲ ಅಂದಿದ್ದಾರೆ. ನನ್ನ ಹತ್ತಿರ ಆ ನಂಬರಿನ ಪೆನ್ಸಿಲ್ ಅಚ್ಚು ಇತ್ತು, ರೇಡಿಯೇಟರ್ ಪಟ್ಟಿಯಿಂದ ಎತ್ತಿದ್ದು. ಕುಟ್ಟಿದ್ದು ಕಳ್ಳನೇ ಆದರೂ ನಂಬರ್ ಅವರದ್ದೇ ತಾನೇ. ಸದ್ಯಕ್ಕೆ ಇರಲಿ ಅಂತ ಅದನ್ನೇ ಲಕೋಟೆಗೆ ಹಾಕಿ ಕಳಿಸಿದೆ.